ನಿಮಗಿದು ಗೊತ್ತೇ? ಕಾಂಗ್ರೆಸ್ಸಿನ ಒಳಜಗಳಗಳು ಕೊಟ್ಟದ್ದೇನು, ಕಸಿದದ್ದೇನು

ಒಂದೇ ಬಾವುಟದ ಕೆಳಗೆ ನಿಂತವರು ತಮ್ಮತಮ್ಮಲ್ಲೇ ಕಾದಾಡಿದರೆ ಚಳವಳಿ ಹಾಳಾಗುತ್ತದೆ ಎನ್ನುವವರಿದ್ದಾರೆ. ಜಗಳವಾಡದ ಚಳವಳಿ ನಿಂತ ನೀರು ಎನ್ನುವವರೂ ಇದ್ದಾರೆ. ರೈತ ಸಂಘ, ದಲಿತ ಸಂಘರ್ಷ ಸಮಿತಿಗಳು ಹೋಳಾದದ್ದನ್ನು ಕಂಡ ನಮಗೆ ಇದು ಬರೀ ಪುಸ್ತಕದ ಪ್ರಶ್ನೆಯಲ್ಲ. ಇದಕ್ಕೆ ಉತ್ತರ ಹುಡುಕಲು ಕಾಂಗ್ರೆಸ್ಸಿನಷ್ಟು ಒಳ್ಳೆಯ ಉದಾಹರಣೆ ನಮ್ಮ ದೇಶದಲ್ಲಿ ಇನ್ನೊಂದಿಲ್ಲ. ಹುಟ್ಟಿದ ಹತ್ತು ವರ್ಷಕ್ಕೇ ಅದರೊಳಗೆ ಕಿತ್ತಾಟ ಶುರುವಾಗಿತ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಜಗಳ ತಾನಾಗಿ ಏನನ್ನೂ ಬದಲಿಸಿಲ್ಲ. ಸೋತವರು ಸುಮ್ಮನೆ ಕೂರದೆ ತಮ್ಮ ದಾರಿಯಲ್ಲಿ ದುಡಿದು ತೋರಿಸಿದಾಗ, ಗೆದ್ದವರು ಬಾಗಿಲಿಗೆ ಚಿಲಕ ಹಾಕದೆ ಬಿಟ್ಟಾಗ ಬದಲಾವಣೆ ಬಂದಿದೆ. ಚಿಲಕ ಹಾಕಿದಾಗಲೆಲ್ಲ ಚಳವಳಿ ದಂಡ ತೆತ್ತಿದೆ. ಒಪ್ಪುವುದು ಬಿಡುವುದು ನಿಮಗೆ ಬಿಟ್ಟದ್ದು. ಸಂಗತಿಗಳು ಇಲ್ಲಿವೆ.

● 1885ರ ಡಿಸೆಂಬರ್‌ನಲ್ಲಿ ಮುಂಬೈಯಲ್ಲಿ ಕಾಂಗ್ರೆಸ್ಸಿನ ಮೊದಲ ಅಧಿವೇಶನಕ್ಕೆ ಸೇರಿದವರು 72 ಪ್ರತಿನಿಧಿಗಳು. ಅಷ್ಟು ಜನರೊಳಗೆ ಜಗಳಕ್ಕೆ ಜಾಗವಿರಲಿಲ್ಲ.

● ಮೊದಲ ದೊಡ್ಡ ಕಿತ್ತಾಟ ಬ್ರಿಟಿಷರ ಕುರಿತಾದದ್ದಲ್ಲ, ಚಪ್ಪರದ ಕುರಿತಾದದ್ದು. ಮಹಾದೇವ ಗೋವಿಂದ ರಾನಡೆಯವರು ಕಟ್ಟಿದ ಸಾಮಾಜಿಕ ಪರಿಷತ್ತು ವಿಧವಾ ವಿವಾಹ, ಬಾಲ್ಯವಿವಾಹ, ಸ್ತ್ರೀಶಿಕ್ಷಣಗಳನ್ನು ಚರ್ಚಿಸುತ್ತಿತ್ತು. ಕಾಂಗ್ರೆಸ್ ಮುಗಿದ ಮೇಲೆ ಅದೇ ಚಪ್ಪರದಲ್ಲಿ ಅದರ ಸಭೆ ಸೇರುವುದು ರೂಢಿಯಾಗಿತ್ತು. 1895ರಲ್ಲಿ ಪುಣೆಯಲ್ಲಿ ಅಧಿವೇಶನ ನಡೆಯುವಾಗ ತಿಲಕರ ಕಡೆಯವರು ಅದಕ್ಕೆ ಅಡ್ಡಬಂದರು. ಸಮಾಜ ಸುಧಾರಣೆಯ ಮಾತು ಎತ್ತಿದರೆ ಜನ ದೂರವಾಗುತ್ತಾರೆ ಎಂಬುದು ಅವರ ವಾದ. ಚಪ್ಪರ ಸುಟ್ಟುಹಾಕುತ್ತೇವೆ ಎಂಬ ಬೆದರಿಕೆಯೂ ಕೇಳಿಬಂತು. ರಾನಡೆ ಜಗಳ ಬೆಳೆಸಲಿಲ್ಲ, ತಮ್ಮ ಪರಿಷತ್ತನ್ನು ಬೇರೆಡೆ ನಡೆಸಿದರು. ಕಾಂಗ್ರೆಸ್ಸಿನ ಒಗ್ಗಟ್ಟು ಉಳಿಯಿತು. ಆದರೆ ಜಾತಿ ಮತ್ತು ಹೆಣ್ಣಿನ ಪ್ರಶ್ನೆಗಳು ಆ ಚಪ್ಪರದಿಂದ ಬಹಳ ವರ್ಷ ಹೊರಗೇ ಉಳಿದವು. ನಾಲ್ಕು ದಶಕಗಳ ನಂತರ ‘ಜಾತಿ ವಿನಾಶ’ ಬರೆದ ಅಂಬೇಡ್ಕರ್ ಈ ಪುಣೆಯ ಪ್ರಸಂಗವನ್ನು ಹೆಸರಿಸಿಯೇ ಮುಂದೆ ಹೋದರು. ಜಗಳ ತಪ್ಪಿಸಿದ್ದಕ್ಕೂ ಬೆಲೆ ಕಟ್ಟಬೇಕಾಗುತ್ತದೆ ಎಂದು ನನಗೆ ಅನಿಸಿದ್ದು ಇದನ್ನು ಓದಿದಾಗ.

● 1906ರಲ್ಲಿ ಕಲ್ಕತ್ತ ಅಧಿವೇಶನಕ್ಕೆ ತಿಲಕರು ಅಧ್ಯಕ್ಷರಾಗಬೇಕೆಂದು ತೀವ್ರಗಾಮಿಗಳು ಪಟ್ಟುಹಿಡಿದರು. ಮಂದಗಾಮಿಗಳಿಗೆ ಅದು ಬೇಡ. ಹೋಳಾಗುವುದನ್ನು ತಪ್ಪಿಸಲು ಇಂಗ್ಲೆಂಡಿನಲ್ಲಿದ್ದ 81 ವರ್ಷದ ದಾದಾಭಾಯಿ ನವರೋಜಿಯವರನ್ನು ಕರೆಸಿದರು. ಆ ಹಿರಿಯರ ಹೆಸರಿಗೆ ಯಾರೂ ಎದುರಾಡಲಿಲ್ಲ. ಸ್ವರಾಜ್ಯ, ಸ್ವದೇಶಿ, ಬಹಿಷ್ಕಾರ, ರಾಷ್ಟ್ರೀಯ ಶಿಕ್ಷಣ ಎಂಬ ನಾಲ್ಕೂ ನಿರ್ಣಯಗಳು ಪಾಸಾದವು. ಒಂದು ವರ್ಷದ ಮಟ್ಟಿಗೆ ಕಾಂಗ್ರೆಸ್ ಬಚಾವಾಯಿತು.

● 1907ರ ಅಧಿವೇಶನ ನಡೆಯಬೇಕಿದ್ದದ್ದು ನಾಗಪುರದಲ್ಲಿ. ಅಲ್ಲಿ ತಿಲಕರ ಬಲ ಹೆಚ್ಚೆಂದು ಅದನ್ನು ಸೂರತ್ತಿಗೆ ಸಾಗಿಸಿದರು. ಕಲ್ಕತ್ತದ ನಾಲ್ಕು ನಿರ್ಣಯಗಳನ್ನು ಕೈಬಿಡುತ್ತಾರೆ ಎಂಬ ಸುದ್ದಿ ಹಬ್ಬಿತು. ಡಿಸೆಂಬರ್ 27ರಂದು ಅಧ್ಯಕ್ಷ ರಾಸ್‌ಬಿಹಾರಿ ಘೋಷರ ಎದುರೇ ತಿಲಕರು ವೇದಿಕೆ ಏರಿ ಮಾತಾಡಲು ನಿಂತರು. ಅವಕಾಶ ಸಿಗಲಿಲ್ಲ, ಅವರು ಇಳಿಯಲೂ ಇಲ್ಲ. ಆಗ ಜನರ ನಡುವಿನಿಂದ ಮರಾಠಿ ಮಾದರಿಯ ಒಂದು ಪಾದರಕ್ಷೆ ಹಾರಿಬಂದು ಸುರೇಂದ್ರನಾಥ ಬ್ಯಾನರ್ಜಿಯವರ ಕೆನ್ನೆಗೆ ತಾಗಿ ಫಿರೋಜ್‌ಶಾ ಮೆಹ್ತಾರಿಗೂ ಬಡಿಯಿತು. ಕುರ್ಚಿಗಳು ಎದ್ದವು, ಕೋಲುಗಳು ಬೀಸಿದವು. ಕೊನೆಗೆ ಪೊಲೀಸರು ಬಂದು ಚಪ್ಪರ ಖಾಲಿ ಮಾಡಿಸಿದರು. ಇಂಗ್ಲಿಷ್ ಪತ್ರಕರ್ತ ನೆವಿನ್‌ಸನ್ ಇದನ್ನೆಲ್ಲ ಕಣ್ಣಾರೆ ಕಂಡು ಬರೆದಿದ್ದಾರೆ.

● ಪಾದರಕ್ಷೆಗಿಂತ ಜೋರಾಗಿ ಬಡಿದದ್ದು ಒಂದು ಸಹಿ. 1908ರಲ್ಲಿ ಅಲಹಾಬಾದಿನಲ್ಲಿ ಮಂದಗಾಮಿಗಳು ಕಾಂಗ್ರೆಸ್ಸಿಗೆ ಸಂವಿಧಾನ ಬರೆದರು. ಅದರ ಮೊದಲ ವಿಧಿಗೆ ಒಪ್ಪಿ ಸಹಿ ಹಾಕಿದವರಿಗೆ ಮಾತ್ರ ಒಳಗೆ ಪ್ರವೇಶ. ಚಿಲಕ ಎಂದೆನಲ್ಲ, ಇದೇ ಅದು.

● ಸರ್ಕಾರಕ್ಕೆ ಬೇಕಾದದ್ದೂ ಇದೇ. 1908ರ ಜೂನ್‌ನಲ್ಲಿ ತಿಲಕರ ಬಂಧನ, ಜುಲೈನಲ್ಲಿ ಆರು ವರ್ಷದ ಶಿಕ್ಷೆ, ಬರ್ಮಾದ ಮಂಡಾಲೆ ಜೈಲು. ಅರವಿಂದ ಘೋಷರು ಅಲೀಪುರ ಮೊಕದ್ದಮೆಯಲ್ಲಿ ಸಿಕ್ಕಿ, ಬಿಡುಗಡೆಯಾಗಿ, 1910ರಲ್ಲಿ ಪಾಂಡಿಚೇರಿ ಸೇರಿದರು. ಮಂದಗಾಮಿಗಳ ಕೈಗೆ ಸಿಕ್ಕಿದ್ದು 1909ರ ಮಿಂಟೋ–ಮಾರ್ಲೆ ಸುಧಾರಣೆ. ಅದರ ಜೊತೆಗೆ ಬಂದದ್ದು ಮುಸ್ಲಿಮರಿಗೆ ಪ್ರತ್ಯೇಕ ಮತಕ್ಷೇತ್ರ.

● ತಿಲಕರ ಶಿಕ್ಷೆಯ ಸುದ್ದಿ ಕೇಳಿ ಮುಂಬೈಯ ಗಿರಣಿ ಕಾರ್ಮಿಕರು ಆರು ದಿನ ಕೆಲಸ ನಿಲ್ಲಿಸಿದರು. ವರ್ಷಕ್ಕೊಂದು ದಿನದಂತೆ.

● ಚಿಲಕ ಹಾಕಿದ ಮನೆ ಹೇಗಾಯಿತು ಗೊತ್ತೇ? 1906ರಲ್ಲಿ ಕಲ್ಕತ್ತಕ್ಕೆ ಬಂದ ಪ್ರತಿನಿಧಿಗಳು 1,600ಕ್ಕೂ ಹೆಚ್ಚು. 1912ರಲ್ಲಿ ಪಟ್ನಾ ಬಳಿಯ ಬಂಕಿಪುರಕ್ಕೆ ಬಂದವರು ಸುಮಾರು 200. ಸೂರತ್ತಿನಲ್ಲಿ ಗೆದ್ದವರ ಗೆಲುವು ಇಷ್ಟೇ. ಇತ್ತ ಹೊರಗುಳಿದವರೂ ಏನನ್ನೂ ಕಟ್ಟಲಿಲ್ಲ. ಅವರ ನಾಯಕ ಮಂಡಾಲೆಯಲ್ಲಿ ಕೂತು ‘ಗೀತಾರಹಸ್ಯ’ ಬರೆಯುತ್ತಿದ್ದರು. ದೇಶದ ರಾಜಕೀಯ ಎಂಟು ಒಂಬತ್ತು ವರ್ಷ ಮಂಕಾಗಿ ನಡೆಯಿತು. ಬರೀ ಒಡಕಿನಿಂದ ಬದಲಾವಣೆ ಬರುತ್ತದೆ ಎನ್ನುವವರು ಈ ವರ್ಷಗಳಿಗೆ ಉತ್ತರ ಹೇಳಬೇಕು.

● ಒಡೆದ ಮನೆ ಮತ್ತೆ ಕೂಡಿದ್ದು ನಮ್ಮ ಬೆಳಗಾವಿಯಲ್ಲಿ. 1914ರಲ್ಲಿ ತಿಲಕರು ಬಿಡುಗಡೆಯಾದರು. ಮಂದಗಾಮಿಗಳ ಮುಂದಾಳುಗಳಾದ ಗೋಖಲೆ 1915ರ ಫೆಬ್ರವರಿಯಲ್ಲಿ, ಫಿರೋಜ್‌ಶಾ ಮೆಹ್ತಾ ನವೆಂಬರ್‌ನಲ್ಲಿ ತೀರಿಕೊಂಡರು. ಆ ಡಿಸೆಂಬರ್‌ನಲ್ಲೇ ಮುಂಬೈ ಕಾಂಗ್ರೆಸ್ ತನ್ನ ನಿಯಮ ಸಡಿಲಿಸಿತು. ಆನಿ ಬೆಸೆಂಟರು ಇದಕ್ಕಾಗಿ ಎರಡೂ ಕಡೆ ಓಡಾಡಿದ್ದರು. 1916ರ ಏಪ್ರಿಲ್ ಕೊನೆಯಲ್ಲಿ ಬೆಳಗಾವಿಯಲ್ಲಿ ಮುಂಬೈ ಪ್ರಾಂತೀಯ ಪರಿಷತ್ತು ಸೇರಿತು. ಕಾಂಗ್ರೆಸ್ಸಿಗೆ ಮರಳಿ ಹೋಗೋಣವೆಂದು ತೀವ್ರಗಾಮಿಗಳು ತೀರ್ಮಾನಿಸಿದ್ದು ಅಲ್ಲೇ. ಆಫ್ರಿಕಾದಿಂದ ಹಿಂದಿನ ವರ್ಷವಷ್ಟೇ ಬಂದಿದ್ದ ಗಾಂಧಿಯವರೂ ಆ ಸಭೆಯಲ್ಲಿದ್ದರು, ರಾಜಿಯ ಪರ ಮಾತಾಡಿದರು.

● ತಿಲಕರು ಬರಿಗೈಲಿ ಮರಳಲಿಲ್ಲ. ಅದೇ ಬೆಳಗಾವಿಯಲ್ಲಿ, ಅದೇ ದಿನಗಳಲ್ಲಿ, ಅವರ ಹೋಮ್‌ರೂಲ್ ಲೀಗ್ ಹುಟ್ಟಿತು. ಜೋಸೆಫ್ ಬ್ಯಾಪ್ಟಿಸ್ಟಾ ಅಧ್ಯಕ್ಷರು. ಲೀಗಿನ ಆರು ಶಾಖೆಗಳಲ್ಲಿ ಒಂದು ಕರ್ನಾಟಕದ್ದು. ವರ್ಷಕ್ಕೊಮ್ಮೆ ಸೇರಿ ನಿರ್ಣಯ ಬರೆಯುವುದರ ಬದಲು ಊರೂರಿಗೆ ಹೋಗಿ ಜನರ ಭಾಷೆಯಲ್ಲೇ ಸ್ವರಾಜ್ಯದ ಮಾತಾಡುವ ಕೆಲಸ ಅಲ್ಲಿಂದ ಆರಂಭವಾಯಿತು. ಸೂರತ್ತಿನ ಜಗಳಕ್ಕೆ ಫಲ ಅಂತ ಏನಾದರೂ ಇದ್ದರೆ ಅದು ಇದೇ, ಮತ್ತು ಅದು ಬಂದದ್ದು ಜಗಳ ಮುಗಿದ ಮೇಲೆ.

● ಆ ಭಾಷಣಗಳಿಗಾಗಿ ಸರ್ಕಾರ ತಿಲಕರ ಮೇಲೆ ಮತ್ತೆ ಕೇಸು ಹಾಕಿತು. ಮುಂಬೈ ಹೈಕೋರ್ಟಿನಲ್ಲಿ ಅವರ ಪರ ವಾದಿಸಿ ಗೆದ್ದ ವಕೀಲರು ಮಹಮ್ಮದ್ ಅಲಿ ಜಿನ್ನಾ.

● 1916ರ ಡಿಸೆಂಬರ್, ಲಖನೌ. ಅಧ್ಯಕ್ಷರು ಅಂಬಿಕಾ ಚರಣ್ ಮಜುಂದಾರ್. ಪ್ರತಿನಿಧಿಗಳ ಸಂಖ್ಯೆ ಮತ್ತೆ 2,000 ದಾಟಿತು. ತೀವ್ರಗಾಮಿ–ಮಂದಗಾಮಿ ಒಂದಾದರು, ಜೊತೆಗೆ ಮುಸ್ಲಿಂ ಲೀಗಿನೊಡನೆ ಒಪ್ಪಂದವಾಯಿತು. ಎಂಟು ತಿಂಗಳಿಗೆ, 1917ರ ಆಗಸ್ಟ್ 20ರಂದು, ಭಾರತಕ್ಕೆ ಹಂತಹಂತವಾಗಿ ಜವಾಬ್ದಾರಿ ಸರ್ಕಾರ ಕೊಡುವುದೇ ಗುರಿ ಎಂದು ಬ್ರಿಟನ್ನಿನ ಮಂತ್ರಿ ಮಾಂಟೆಗು ಘೋಷಿಸಿದರು.

● ಈಗ ಹೊರಹೋಗುವ ಸರದಿ ಮಂದಗಾಮಿಗಳದ್ದು. ಮಾಂಟೆಗು–ಚೆಮ್ಸ್‌ಫರ್ಡ್ ಸುಧಾರಣೆಗಳನ್ನು ಒಪ್ಪಬೇಕೇ ಬೇಡವೇ ಎಂಬ ಜಗಳದಲ್ಲಿ 1918ರಲ್ಲಿ ಅವರು ಬೇರೆಯಾದರು, ಲಿಬರಲ್ ಫೆಡರೇಷನ್ ಕಟ್ಟಿದರು. ಸುರೇಂದ್ರನಾಥ ಬ್ಯಾನರ್ಜಿ ಬಂಗಾಳದಲ್ಲಿ ಮಂತ್ರಿಯಾದರು. ಹಳೆಯ ಗೆಳೆಯರು ಅವರನ್ನು ದ್ರೋಹಿ ಎಂದರು. 1923ರ ಚುನಾವಣೆಯಲ್ಲಿ ಅವರನ್ನು ಸೋಲಿಸಿದವರು ವೈದ್ಯ ಬಿಧಾನ್ ಚಂದ್ರ ರಾಯ್. ಅಲ್ಲಿಗೆ ಅವರ ರಾಜಕೀಯ ಮುಗಿಯಿತು. ಆದರೆ ಮಂತ್ರಿಯಾಗಿದ್ದಾಗ ಅವರು ಒಂದು ಕೆಲಸ ಮಾಡಿಟ್ಟಿದ್ದರು. 1923ರ ಕಲ್ಕತ್ತ ಮುನಿಸಿಪಲ್ ಕಾಯ್ದೆ ನಗರಾಡಳಿತವನ್ನು ಚುನಾಯಿತರ ಕೈಗೆ ಕೊಟ್ಟಿತು, ಹೆಂಗಸರಿಗೂ ಮತ ಕೊಟ್ಟಿತು. ಮರುವರ್ಷ ಅದೇ ಕಾಯ್ದೆಯಡಿ ಚಿತ್ತರಂಜನ್ ದಾಸ್ ಕಲ್ಕತ್ತದ ಮೊದಲ ಮೇಯರ್ ಆದರು, 27 ವರ್ಷದ ಸುಭಾಷಚಂದ್ರ ಬೋಸ್ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿಯಾದರು. ಸುರೇಂದ್ರನಾಥರ ಹೆಸರು ಇಂದು ಯಾರ ಬಾಯಲ್ಲೂ ಇಲ್ಲ. ಇದು ಅನ್ಯಾಯ.

● 1920ರ ನಾಗಪುರ ಅಧಿವೇಶನಕ್ಕೆ ಚಿತ್ತರಂಜನ್ ದಾಸ್ ಬಂದದ್ದು ಗಾಂಧಿಯವರ ಅಸಹಕಾರವನ್ನು ವಿರೋಧಿಸಲು. ಮಾತುಕತೆಯಾಯಿತು. ಕೊನೆಗೆ ಆ ನಿರ್ಣಯವನ್ನು ಮಂಡಿಸಿದವರು ಸ್ವತಃ ದಾಸರೇ.

● ಅದೇ ನಾಗಪುರದಲ್ಲಿ ಜಿನ್ನಾ ಒಬ್ಬರೇ ಎದ್ದುನಿಂತು ವಿರೋಧಿಸಿದರು. ‘ಮಿಸ್ಟರ್ ಗಾಂಧಿ’ ಎಂದದ್ದಕ್ಕೆ ‘ಮಹಾತ್ಮ’ ಎನ್ನಿ ಎಂದು ಸಭೆ ಕೂಗಿತು, ಮಾತು ಮುಗಿಸಲು ಬಿಡದೆ ಕೂರಿಸಿತು. ಅವರು ಕಾಂಗ್ರೆಸ್ ಬಿಟ್ಟರು. ನಾಲ್ಕು ವರ್ಷದ ಹಿಂದೆ ಲಖನೌ ಒಪ್ಪಂದಕ್ಕೆ ತಿಲಕರೊಂದಿಗೆ ದುಡಿದಿದ್ದ ಮನುಷ್ಯ! ದೇಶ ಮುಂದೆ ಎರಡಾಗಲು ಕಾರಣಗಳು ಹತ್ತಾರು, ಆ ಒಂದು ಸಂಜೆಯ ತಲೆಗೆ ಎಲ್ಲವನ್ನೂ ಕಟ್ಟಲಾಗದು. ಆದರೂ ಒಬ್ಬ ಭಿನ್ನಮತೀಯನ ಮಾತನ್ನು ಕೊನೆತನಕ ಕೇಳುವಷ್ಟು ತಾಳ್ಮೆ ಆ ಸಭೆಗೆ ಇರಬೇಕಿತ್ತು.

● ಭಾಷಾವಾರು ಪ್ರಾಂತಗಳೂ ಒಳಜಗಳದ ಕೂಸೇ. 1917ರಲ್ಲಿ ಆಂಧ್ರಕ್ಕೆ ಪ್ರತ್ಯೇಕ ಕಾಂಗ್ರೆಸ್ ಪ್ರಾಂತ ಕೇಳಿದಾಗ ಆನಿ ಬೆಸೆಂಟ್ ಬಲವಾಗಿ ವಿರೋಧಿಸಿದರು, ತಿಲಕರು ಬೆಂಬಲಿಸಿದರು. ಕೇಳಿದವರು ಬಿಡಲಿಲ್ಲ, ಸಂಸ್ಥೆಯನ್ನೂ ಬಿಡಲಿಲ್ಲ. 1920ರ ನಾಗಪುರದಲ್ಲಿ ಕಾಂಗ್ರೆಸ್ ತನ್ನನ್ನು ಭಾಷೆಯ ಆಧಾರದ ಮೇಲೆ ಮರುಕಟ್ಟಿಕೊಂಡಿತು. ಕರ್ನಾಟಕ ಪ್ರಾಂತ ಕಾಂಗ್ರೆಸ್ ಸಮಿತಿ ಹುಟ್ಟಿತು, ಗಂಗಾಧರರಾವ್ ದೇಶಪಾಂಡೆ ಅದನ್ನು ಮುನ್ನಡೆಸಿದರು. ಮುಂಬೈ, ಮದ್ರಾಸು, ಹೈದರಾಬಾದು, ಮೈಸೂರು, ಕೊಡಗು ಎಂದು ಹರಿದು ಹಂಚಿಹೋಗಿದ್ದ ಕನ್ನಡಿಗರಿಗೆ 1956ಕ್ಕಿಂತ 36 ವರ್ಷ ಮೊದಲೇ ಕಾಂಗ್ರೆಸ್ಸಿನೊಳಗೆ ‘ಕರ್ನಾಟಕ’ ಎಂಬ ಗಡಿ ಸಿಕ್ಕಿತ್ತು.

● 1922, ಗಯಾ. ಚೌರಿ ಚೌರಾದ ನಂತರ ಚಳವಳಿ ನಿಂತಿತ್ತು, ಗಾಂಧಿ ಯೆರವಡಾ ಜೈಲಿನಲ್ಲಿದ್ದರು. ಶಾಸನಸಭೆಗಳ ಒಳಗೆ ಹೋಗಿ ಸರ್ಕಾರದ ಕಾಲು ಎಳೆಯೋಣ ಎಂದರು ಅಧ್ಯಕ್ಷ ಚಿತ್ತರಂಜನ್ ದಾಸ್. ಬೇಡ, ಹಳ್ಳಿಗಳಲ್ಲಿ ಖಾದಿ–ಚರಕದ ಕೆಲಸ ಮಾಡೋಣ ಎಂದರು ರಾಜಾಜಿ. ಮತಕ್ಕೆ ಹಾಕಿದಾಗ ರಾಜಾಜಿಯವರ ಕಡೆಗೆ 1,748, ದಾಸರ ಕಡೆಗೆ 890. ಅಧ್ಯಕ್ಷರೇ ಸೋತರು. ರಾಜೀನಾಮೆ ಕೊಟ್ಟು 1923ರ ಮೊದಲ ದಿನವೇ ಮೋತಿಲಾಲ್ ನೆಹರೂ ಜೊತೆ ಸ್ವರಾಜ್ ಪಕ್ಷ ಕಟ್ಟಿದರು. ಆದರೆ ಕಾಂಗ್ರೆಸ್ ಬಿಡಲಿಲ್ಲ, ಅದರೊಳಗಿನ ಪಕ್ಷವಾಗಿಯೇ ಉಳಿದರು. ಸೂರತ್ತು ಎಲ್ಲರಿಗೂ ನೆನಪಿತ್ತು.

● ಈ ಜಗಳ ಮನೆಮನೆಯೊಳಗೂ ಹೊಕ್ಕಿತ್ತು. ವಿಠ್ಠಲಭಾಯಿ ಪಟೇಲರು ಶಾಸನಸಭೆಗೆ ಹೋಗೋಣ ಎಂಬ ಕಡೆ. ತಮ್ಮ ವಲ್ಲಭಭಾಯಿ ಬೇಡ ಎಂಬ ಕಡೆ. ಹೀಗೆ ಬೇರೆಬೇರೆ ನಿಂತಿದ್ದ 1923ರಲ್ಲೇ ನಾಗಪುರದ ಧ್ವಜ ಸತ್ಯಾಗ್ರಹದಲ್ಲಿ ಅಣ್ಣತಮ್ಮಂದಿರು ಹೆಗಲಿಗೆ ಹೆಗಲು ಕೊಟ್ಟು ದುಡಿದರು. ಅದೇ ಸತ್ಯಾಗ್ರಹಕ್ಕೆ ಹುಬ್ಬಳ್ಳಿಯಿಂದ ಸ್ವಯಂಸೇವಕರನ್ನು ಕರೆದೊಯ್ದು ಜೈಲು ಕಂಡವರು ಡಾ. ನಾ. ಸು. ಹರ್ಡೀಕರ್. ಕ್ಷಮೆ ಕೇಳದೆ ಜೈಲಿನಿಂದ ಹೊರಬಂದ ಅವರು ಆ ವರ್ಷವೇ ಕಾಕಿನಾಡದಲ್ಲಿ ಹಿಂದೂಸ್ತಾನಿ ಸೇವಾದಳಕ್ಕೆ ಬುನಾದಿ ಹಾಕಿದರು.

● ಕೇಂದ್ರ ಶಾಸನಸಭೆಯ 101 ಚುನಾಯಿತ ಸ್ಥಾನಗಳಲ್ಲಿ 42 ಸ್ವರಾಜ್ ಪಕ್ಷದ ಪಾಲಾದವು. 1925ರಲ್ಲಿ ವಿಠ್ಠಲಭಾಯಿ ಆ ಸಭೆಯ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಚುನಾಯಿತ ಭಾರತೀಯ. 1928ರಲ್ಲಿ ಕಾರ್ಮಿಕರನ್ನು ಸಂಘಟಿಸುತ್ತಿದ್ದ ವಿದೇಶಿ ಕಮ್ಯುನಿಸ್ಟರನ್ನು ಹೊರಹಾಕಲೆಂದು ಸರ್ಕಾರ ತಂದ ಸಾರ್ವಜನಿಕ ಸುರಕ್ಷತಾ ಮಸೂದೆಗೆ ಪರ–ವಿರೋಧ ಸಮಸಮ ಮತ ಬಿದ್ದಾಗ ತಮ್ಮ ನಿರ್ಣಾಯಕ ಮತದಿಂದ ಅದನ್ನು ಬೀಳಿಸಿದ್ದು ಇವರೇ.

● ಆ ಕಡೆ ಶಾಸನಸಭೆ ಬೇಡವೆಂದವರೂ ಬರಿದೇ ಕೂರಲಿಲ್ಲ. ವಲ್ಲಭಭಾಯಿ ಅಹಮದಾಬಾದಿನ, ಜವಾಹರಲಾಲ್ ಅಲಹಾಬಾದಿನ, ರಾಜೇಂದ್ರ ಪ್ರಸಾದ್ ಪಟ್ನಾದ ಮುನಿಸಿಪಾಲಿಟಿಗಳ ಅಧ್ಯಕ್ಷರಾಗಿ ನೀರು, ಚರಂಡಿ, ಶಾಲೆಗಳ ಲೆಕ್ಕ ಕಲಿತರು. ಮುಂದೆ ದೇಶ ನಡೆಸಿದ ಮೂವರಿಗೂ ಆಡಳಿತದ ಮೊದಲ ಪಾಠ ಅದು.

● ಗಾಂಧೀಜಿ ಒಮ್ಮೆ ಮಾತ್ರ ಕಾಂಗ್ರೆಸ್ ಅಧ್ಯಕ್ಷರಾದರು, ಬೆಳಗಾವಿಯಲ್ಲಿ, 1924ರ ಡಿಸೆಂಬರ್ 26 ಮತ್ತು 27ರಂದು. ಇಷ್ಟು ಎಲ್ಲರಿಗೂ ಗೊತ್ತು. ಯಾಕೆ ಒಪ್ಪಿಕೊಂಡರು ಎಂಬುದು ಅಷ್ಟಾಗಿ ಗೊತ್ತಿಲ್ಲ. ಎರಡು ಬಣಗಳ ನಡುವೆ ಕಾಂಗ್ರೆಸ್ ಹರಿದುಹೋಗುವ ಸ್ಥಿತಿಯಲ್ಲಿತ್ತು. ಜೈಲಿನಲ್ಲಿ ಅಪೆಂಡಿಸೈಟಿಸ್ ಆಗಿ, ಪುಣೆಯ ಸಸೂನ್ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಬಿಡುಗಡೆಯಾಗಿದ್ದ ಗಾಂಧಿ, ನವೆಂಬರ್‌ನಲ್ಲಿ ಕಲ್ಕತ್ತದಲ್ಲಿ ದಾಸ್ ಮತ್ತು ಮೋತಿಲಾಲರೊಂದಿಗೆ ಒಪ್ಪಂದಕ್ಕೆ ಬಂದರು. ಶಾಸನಸಭೆಗೆ ಹೋಗುವುದು ತಪ್ಪೆಂಬ ಅವರ ನಂಬಿಕೆ ಬದಲಾಗಿರಲಿಲ್ಲ. ಬಹುಮತವೂ ಅವರ ಕಡೆ ಇತ್ತು. ಆದರೂ ಸ್ವರಾಜ್ ಪಕ್ಷ ಕಾಂಗ್ರೆಸ್ಸಿನ ಪರವಾಗಿಯೇ ಶಾಸನಸಭೆಯಲ್ಲಿ ಕೆಲಸ ಮಾಡಲಿ ಎಂದು ಒಪ್ಪಿದರು. ಬೆಳಗಾವಿ ಅದಕ್ಕೆ ಮುದ್ರೆಯೊತ್ತಿತು. ಈ ಇಡೀ ಇತಿಹಾಸದಲ್ಲಿ ನನಗೆ ಅತಿ ಇಷ್ಟವಾದ ಗಳಿಗೆ ಇದು. ಗೆಲ್ಲಬಲ್ಲವರು ಗೆಲ್ಲದೆ ಬಿಟ್ಟುಕೊಟ್ಟರು.

● ಪ್ರತಿಯಾಗಿ ಗಾಂಧಿ ಕೇಳಿದ್ದು ನೂಲು. ನಾಲ್ಕಾಣೆ ಸದಸ್ಯತ್ವದ ಬದಲು ತಿಂಗಳಿಗೆ 2,000 ಗಜ ನೂಲು, ತಾವೇ ನೂತದ್ದು ಇಲ್ಲವೇ ಬೇರೆಯವರಿಂದ ನೂಲಿಸಿದ್ದು. ಇದು ನಡೆಯಲಿಲ್ಲ. ಮರುವರ್ಷವೇ ನಾಲ್ಕಾಣೆ ಮರಳಿ ಬಂತು, ನೂಲಿನ ಕೆಲಸಕ್ಕೆ ಅಖಿಲ ಭಾರತ ಚರಕ ಸಂಘ ಬೇರೆಯಾಗಿ ಹುಟ್ಟಿತು.

● ಬೆಳಗಾವಿಯಲ್ಲಿ ಅತಿಥೇಯರಾಗಿ ಎಲ್ಲವನ್ನೂ ಹೊತ್ತು ನಡೆಸಿದ ಗಂಗಾಧರರಾಯರು ಮೂಲತಃ ಯಾರು ಗೊತ್ತೇ? ತಿಲಕರ ಕಟ್ಟಾ ಅನುಯಾಯಿ. ಆ ಊರಿನ ತಿಲಕವಾಡಿಯಲ್ಲಿ, ‘ವಿಜಯನಗರ’ ಎಂದು ಹೆಸರಿಟ್ಟ ಬಿಡಾರದಲ್ಲಿ, ಅಧಿವೇಶನಕ್ಕೆಂದೇ ತೋಡಿಸಿದ ಬಾವಿ ಇಂದಿಗೂ ಕಾಂಗ್ರೆಸ್ ಬಾವಿ.

● ಚಿತ್ತರಂಜನ್ ದಾಸರು 1925ರ ಜೂನ್‌ನಲ್ಲಿ ಡಾರ್ಜಿಲಿಂಗಿನಲ್ಲಿ ತೀರಿಕೊಂಡರು. ಸ್ವರಾಜ್ ಪಕ್ಷವೇ ಒಡೆಯಿತು. ಸರ್ಕಾರದ ಹುದ್ದೆ ಹಿಡಿಯೋಣ ಎಂದವರು ಹೊರಟುಹೋದರು. ಅವರಿಂದ ಏನೂ ಉಳಿಯಲಿಲ್ಲ.

● ಪಟೇಲರ ಮನೆಯಲ್ಲಿ ಅಣ್ಣತಮ್ಮ, ನೆಹರೂ ಮನೆಯಲ್ಲಿ ಅಪ್ಪಮಗ. 1928ರಲ್ಲಿ ಮೋತಿಲಾಲರ ವರದಿ ಕೇಳಿದ್ದು ಬ್ರಿಟಿಷ್ ಸಾಮ್ರಾಜ್ಯದೊಳಗಿನ ಡೊಮಿನಿಯನ್ ಸ್ಥಾನಮಾನ. ಪೂರ್ಣ ಸ್ವಾತಂತ್ರ್ಯವೇ ಬೇಕೆಂದು ಮಗ ಜವಾಹರಲಾಲ್ ಸುಭಾಷರ ಜೊತೆ ಸೇರಿ ಬೇರೆ ಸಂಘ ಕಟ್ಟಿದರು. ಕಲ್ಕತ್ತ ಅಧಿವೇಶನದಲ್ಲಿ ಅಪ್ಪನೇ ಅಧ್ಯಕ್ಷ. ಗಾಂಧಿ ನಡುವೆ ಬಂದು, ಸರ್ಕಾರಕ್ಕೆ ಎರಡು ವರ್ಷದ ಗಡುವು ಕೊಡೋಣ ಎಂದರು. ಹುಡುಗರು ಒಪ್ಪದ್ದರಿಂದ ಅದು ಒಂದು ವರ್ಷಕ್ಕೆ ಇಳಿಯಿತು. ಸುಭಾಷರಿಗೆ ಅದೂ ಸಾಲದು. ಅವರ ತಿದ್ದುಪಡಿಗೆ 973 ಮತ ಬಿತ್ತು, ವಿರುದ್ಧ 1,350.

● ಗಡುವು ಮುಗಿಯಿತು. 1929ರ ಡಿಸೆಂಬರ್, ಲಾಹೋರ್. ಅಪ್ಪನ ಕೈಯಿಂದ ಮಗನಿಗೆ ಅಧ್ಯಕ್ಷ ಪದವಿ ಬಂತು, ಪೂರ್ಣ ಸ್ವರಾಜ್ಯವೇ ಗುರಿಯಾಯಿತು. ಹಿಂದಿನ ವರ್ಷ ಸೋತ ಬೇಡಿಕೆ ಈ ವರ್ಷ ಇಡೀ ಸಂಸ್ಥೆಯ ಧ್ಯೇಯ. 1930ರ ಜನವರಿ 26ರಂದು ಊರೂರಲ್ಲಿ ಪ್ರತಿಜ್ಞೆ. ಸಂವಿಧಾನವನ್ನು ಅದೇ ತಾರೀಕಿಗೆ ಜಾರಿಗೆ ತಂದದ್ದು ಈ ಕಾರಣಕ್ಕೇ. ಪ್ರತಿ ಜನವರಿ 26ರ ರಜೆಯ ಹಿಂದೆ ಆ ಅಪ್ಪಮಗನ ವಾಗ್ವಾದವಿದೆ.

● ದಂಡಿಯ ನಡಿಗೆಗೆ ಗಾಂಧಿ ಆರಿಸಿದವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಇದು ಸರಿಯಲ್ಲ ಎಂದು ಅವರ ಮುಂದೆಯೇ ವಾದಿಸಿ, ಉಪ್ಪಿನ ಸತ್ಯಾಗ್ರಹವನ್ನು ಹೆಂಗಸರಿಗೂ ತೆರೆಸಿದವರಲ್ಲಿ ಮಂಗಳೂರಿನ ಕಮಲಾದೇವಿ ಚಟ್ಟೋಪಾಧ್ಯಾಯ ಮುಖ್ಯರು. ಆಮೇಲೆ ಸಾವಿರಾರು ಹೆಂಗಸರು ಜೈಲಿಗೆ ಹೋದರು. ಈ ಪಟ್ಟಿಯಲ್ಲಿ ಅತಿ ಚಿಕ್ಕ ಜಗಳ ಇದು, ಅತಿ ದೊಡ್ಡ ಫಲ ಕೊಟ್ಟದ್ದರಲ್ಲೊಂದು.

● 1937ರ ಅಕ್ಟೋಬರ್‌ನಲ್ಲಿ ಕಲ್ಕತ್ತದಲ್ಲಿ ಸೇರಿದ ಅಖಿಲ ಭಾರತ ಕಾಂಗ್ರೆಸ್ ಸಮಿತಿ ಮೈಸೂರು ಸಂಸ್ಥಾನದ ದಬ್ಬಾಳಿಕೆಯನ್ನು ಖಂಡಿಸಿತು. ಸಂಸ್ಥಾನಗಳ ವಿಷಯಕ್ಕೆ ಕೈಹಾಕುವುದು ಸಮಿತಿಯ ಅಧಿಕಾರಕ್ಕೆ ಮೀರಿದ್ದು ಎಂದು ಗಾಂಧಿ ಆಕ್ಷೇಪಿಸಿದರು. ಒಳಗೊಳಗೇ ತಿಕ್ಕಾಟವಾಯಿತು. 1938ರ ಹರಿಪುರ ಅಧಿವೇಶನ ನಡುವಿನ ದಾರಿ ಹಿಡಿಯಿತು: ಸಂಸ್ಥಾನದ ಜನ ತಮ್ಮ ಹೋರಾಟವನ್ನು ತಾವೇ ಮಾಡಲಿ. ಮೈಸೂರಿನವರು ಮುನಿಸಿಕೊಂಡು ಕೂರಲಿಲ್ಲ. ಆ ಏಪ್ರಿಲ್‌ನಲ್ಲೇ ಮದ್ದೂರಿನ ಬಳಿ ಶಿವಪುರದಲ್ಲಿ ಟಿ. ಸಿದ್ಧಲಿಂಗಯ್ಯನವರ ನೇತೃತ್ವದಲ್ಲಿ ಧ್ವಜ ಏರಿಸಿದರು. ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಗುಂಡು ಹಾರಿತು, ಜನ ಸತ್ತರು. ವಲ್ಲಭಭಾಯಿ ಪಟೇಲರು ಬಂದು ದಿವಾನ್ ಮಿರ್ಜಾ ಇಸ್ಮಾಯಿಲರೊಂದಿಗೆ ಮಾತಾಡಿದ ಮೇಲೆ ಧ್ವಜಕ್ಕೆ ಅನುಮತಿ ಸಿಕ್ಕಿತು, ಮೈಸೂರು ಕಾಂಗ್ರೆಸ್ಸಿಗೆ ಮಾನ್ಯತೆ ಸಿಕ್ಕಿತು.

● 1939ರ ಜನವರಿಯಲ್ಲಿ ಸುಭಾಷರು ಗಾಂಧಿಯವರ ಅಭ್ಯರ್ಥಿ ಪಟ್ಟಾಭಿ ಸೀತಾರಾಮಯ್ಯನವರನ್ನು 200ಕ್ಕೂ ಹೆಚ್ಚು ಮತಗಳಿಂದ ಸೋಲಿಸಿ ಎರಡನೆಯ ಸಲ ಅಧ್ಯಕ್ಷರಾದರು. ಕರ್ನಾಟಕ ಪ್ರಾಂತದ ಬಹುಮತ ಸುಭಾಷರಿಗೇ ಬಿದ್ದಿತ್ತು. ಮಾರ್ಚ್‌ನಲ್ಲಿ ಜಬಲ್‌ಪುರದ ಬಳಿ ತ್ರಿಪುರಿಯಲ್ಲಿ ಅಧಿವೇಶನ. 52ನೆಯದೆಂದು 52 ಆನೆಗಳ ಮೆರವಣಿಗೆ. ರಥದಲ್ಲಿ ಮಾತ್ರ ಅಧ್ಯಕ್ಷರ ಭಾವಚಿತ್ರ, ಅಧ್ಯಕ್ಷರು ಜ್ವರದಿಂದ ಮಲಗಿದ್ದರು. ಕಾರ್ಯಕಾರಿ ಸಮಿತಿಯನ್ನು ಗಾಂಧಿಯವರ ಇಚ್ಛೆಯಂತೆಯೇ ನೇಮಿಸಬೇಕೆಂದು ನಿರ್ಣಯ ಮಾಡಿ ಅವರ ಕೈ ಕಟ್ಟಿದರು. ಏಪ್ರಿಲ್ ಕೊನೆಗೆ ರಾಜೀನಾಮೆ, ಮೇ ತಿಂಗಳಲ್ಲಿ ಫಾರ್ವರ್ಡ್ ಬ್ಲಾಕ್. ಬೆಳಗಾವಿಯಲ್ಲಿ ದಾಸರಿಗೆ ತೆರೆದ ಬಾಗಿಲು ಅವರ ಶಿಷ್ಯನಿಗೆ ಮುಚ್ಚಿತು. ಚುನಾಯಿತ ಅಧ್ಯಕ್ಷನನ್ನು ಹೀಗೆ ನಡೆಸಿಕೊಂಡದ್ದು ತಪ್ಪು ಎಂದೇ ನಾನು ನಂಬುತ್ತೇನೆ.

● ಆದರೆ ಸುಭಾಷರು ಮುಂದೆ ಮುನ್ನಡೆಸಿದ ಆಜಾದ್ ಹಿಂದ್ ಫೌಜಿನ ಕೆಲವು ತುಕಡಿಗಳ ಹೆಸರುಗಳು ನಿಮಗೆ ಗೊತ್ತೇ? ಗಾಂಧಿ, ನೆಹರೂ, ಆಜಾದ್.

● 1945ರ ನವೆಂಬರ್‌ನಲ್ಲಿ ಕೆಂಪುಕೋಟೆಯಲ್ಲಿ ಆ ಫೌಜಿನ ಶಾ ನವಾಜ್ ಖಾನ್, ಪ್ರೇಮ್ ಸಹಗಲ್, ಗುರುಬಕ್ಷ್ ಸಿಂಗ್ ಧಿಲ್ಲೋನರ ವಿಚಾರಣೆ ಆರಂಭವಾಯಿತು. ಅವರ ಪರ ನಿಂತ ವಕೀಲರ ಸಾಲಿನಲ್ಲಿ ಭೂಲಾಭಾಯಿ ದೇಸಾಯಿ ಮುಂದಾಳು. ದಶಕಗಳ ಹಿಂದೆ ಕಳಚಿಟ್ಟಿದ್ದ ಕರಿಯ ಗೌನನ್ನು ಮತ್ತೆ ತೊಟ್ಟು ಬಂದ ಜವಾಹರಲಾಲ್ ನೆಹರೂ ಇದ್ದರು. 1918ರಲ್ಲಿ ಕಾಂಗ್ರೆಸ್ ಬಿಟ್ಟ ಲಿಬರಲ್‌ರ ಹಿರಿಯ ತೇಜ್ ಬಹಾದೂರ್ ಸಪ್ರು ಅವರ ಹೆಸರೂ ಆ ಸಮಿತಿಯಲ್ಲಿತ್ತು.

ಸ್ವಾತಂತ್ರ್ಯ ಬಂದ ಮೇಲೆ ಜಗಳದ ಸ್ವರೂಪ ಬದಲಾಯಿತು. ಈಗ ಎದುರಿಗೆ ಬ್ರಿಟಿಷರಿರಲಿಲ್ಲ, ಕೈಯಲ್ಲಿ ಅಧಿಕಾರವಿತ್ತು. ಅದರಲ್ಲಿ ನಮ್ಮ ರಾಜ್ಯದ ಗೇಣಿದಾರರಿಗೆ ಸಂಬಂಧಪಟ್ಟ ಎಳೆಯೊಂದನ್ನೇ ಹಿಡಿಯುತ್ತೇನೆ.

● ಕಾಂಗ್ರೆಸ್ಸಿನೊಳಗಿದ್ದೇ ಅದನ್ನು ಬಡವರ ಕಡೆ ಎಳೆಯಬೇಕೆಂದು ಜಯಪ್ರಕಾಶ ನಾರಾಯಣ, ನರೇಂದ್ರ ದೇವ ಮೊದಲಾದವರು 1934ರಲ್ಲಿ ಕಾಂಗ್ರೆಸ್ ಸಮಾಜವಾದಿ ಪಕ್ಷ ಕಟ್ಟಿದ್ದರು. ನಾಸಿಕ್ ಜೈಲಿನಲ್ಲಿ ನಡೆದ ಮಾತುಕತೆಗಳ ಫಲ ಅದು. 1948ರಲ್ಲಿ ಅದೇ ನಾಸಿಕ್ ಊರಿನಲ್ಲಿ ಸಭೆ ಸೇರಿ ಕಾಂಗ್ರೆಸ್ಸಿನಿಂದ ಹೊರಬಂದರು.

● ಹಾಗೆ ಹೊರಬಂದ ಸಮಾಜವಾದಿಗಳು ಮಲೆನಾಡಿನಲ್ಲಿ ಹಿಡಿದ ಕೆಲಸ ಕಾಗೋಡು ಸತ್ಯಾಗ್ರಹ. 1951, ಸಾಗರ ತಾಲೂಕು. ಗೇಣಿ ಭತ್ತ ಅಳೆಯುವ ಕೊಳಗದ ಗಾತ್ರದಿಂದ ಶುರುವಾದ ತಕರಾರು ಅದು. ಗೇಣಿದಾರರನ್ನು ಸಂಘಟಿಸಿದವರು ಎಚ್. ಗಣಪತಿಯಪ್ಪ. ಸಮಾಜವಾದಿ ಪಕ್ಷ ಜೊತೆಗೆ ನಿಂತಿತು, ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೊಳಗಾದರು. ಮರುವರ್ಷ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರದಿಂದ ವಿಧಾನಸಭೆಗೆ ಹೋದರು. ಅಲ್ಲಿ ಅವರ ಪಕ್ಷದವರು ಬೆರಳೆಣಿಕೆಯಷ್ಟು. ಆದರೂ ಉಳುವವನಿಗೇ ಭೂಮಿ ಎಂಬ ಮಾತು ಅಲ್ಲಿಂದಾಚೆ ಕಡತದಿಂದ ಅಳಿಯಲಿಲ್ಲ.

● ಕಾಂಗ್ರೆಸ್ಸೂ 1961ರಲ್ಲಿ ಭೂಸುಧಾರಣಾ ಕಾಯ್ದೆ ಮಾಡಿತು. ಸ್ವಂತ ಸಾಗುವಳಿಗೆಂದು ಧಣಿಗಳು ಜಮೀನು ಹಿಂಪಡೆಯಲು ಅದರಲ್ಲಿ ದಾರಿ ಬಿಟ್ಟಿತ್ತು.

● 1969ರ ಜುಲೈ, ಬೆಂಗಳೂರಿನ ಲಾಲ್‌ಬಾಗ್ ಗಾಜಿನಮನೆ. ಕಾಂಗ್ರೆಸ್ ಅಧ್ಯಕ್ಷರು ನಮ್ಮ ಎಸ್. ನಿಜಲಿಂಗಪ್ಪ. ಪ್ರಧಾನಿ ಇಂದಿರಾ ಗಾಂಧಿ ಆರ್ಥಿಕ ನೀತಿಯ ಟಿಪ್ಪಣಿಯೊಂದನ್ನು ಕಳಿಸಿದರು. ರಾಷ್ಟ್ರಪತಿ ಸ್ಥಾನಕ್ಕೆ ಅವರ ಇಷ್ಟಕ್ಕೆ ವಿರುದ್ಧವಾಗಿ ನೀಲಂ ಸಂಜೀವ ರೆಡ್ಡಿಯವರ ಹೆಸರು ಅಲ್ಲಿಯೇ ತೀರ್ಮಾನವಾಯಿತು. ವಾರದೊಳಗೆ, ಜುಲೈ 19ರಂದು, 14 ಬ್ಯಾಂಕುಗಳು ರಾಷ್ಟ್ರೀಕರಣವಾದವು. ಅದರಲ್ಲಿ ಎರಡು ನಮ್ಮ ಕರಾವಳಿಯಲ್ಲಿ ಹುಟ್ಟಿದವು: ಕೆನರಾ ಮತ್ತು ಸಿಂಡಿಕೇಟ್. ಆಗಸ್ಟ್‌ನಲ್ಲಿ ಸಂಜೀವ ರೆಡ್ಡಿ ಸೋತು ವಿ. ವಿ. ಗಿರಿ ಗೆದ್ದರು. ನವೆಂಬರ್ 12ರಂದು ಇಂದಿರಾ ಅವರನ್ನು ಪಕ್ಷದಿಂದ ಹೊರಹಾಕಿದ್ದು ನಿಜಲಿಂಗಪ್ಪನವರ ಅಧ್ಯಕ್ಷತೆಯ ಕಾಂಗ್ರೆಸ್. ಪಕ್ಷ ಎರಡಾಯಿತು. ಇದನ್ನು ಬರೀ ಸಿದ್ಧಾಂತದ ಜಗಳ ಎನ್ನಲು ನನಗೆ ಮನಸ್ಸಿಲ್ಲ. ಕುರ್ಚಿಯ ಪಾಲು ಅದರಲ್ಲಿ ದೊಡ್ಡದಿತ್ತು. ಏಕೀಕರಣಕ್ಕೆ ದುಡಿದ, ಕೈ ಶುದ್ಧವಿದ್ದ ಹಿರಿಯರೊಬ್ಬರು ಆ ಹೊಡೆತದಲ್ಲಿ ಮೂಲೆ ಸೇರಿದ್ದೂ ನಿಜ.

● 1971ರ ಲೋಕಸಭಾ ಚುನಾವಣೆಯಲ್ಲಿ ನಮ್ಮ ರಾಜ್ಯದ 27ಕ್ಕೆ 27 ಸ್ಥಾನಗಳೂ ಇಂದಿರಾ ಕಾಂಗ್ರೆಸ್ಸಿಗೆ. 1972ರಲ್ಲಿ ದೇವರಾಜ ಅರಸು ಮುಖ್ಯಮಂತ್ರಿ. ಹಳೆಯ ಕಾಂಗ್ರೆಸ್ ಇಡಿಯಾಗಿ ಉಳಿದಿದ್ದರೆ, ಧಣಿಗಳೇ ಗಟ್ಟಿಯಾಗಿ ಕೂತಿದ್ದ ಆ ಪಕ್ಷದಲ್ಲಿ ಅವರಿಗೆ ಆ ಜಾಗ ಸಿಗುತ್ತಿರಲಿಲ್ಲ ಎಂಬುದು ನನ್ನ ನಂಬಿಕೆ.

● 1974ರ ಮಾರ್ಚ್ 1ರಂದು ತಿದ್ದುಪಡಿಯಾದ ಭೂಸುಧಾರಣಾ ಕಾಯ್ದೆ ಜಾರಿಗೆ ಬಂತು. ಗೇಣಿ ಜಮೀನು ಸರ್ಕಾರಕ್ಕೆ ಸೇರಿತು, ಗೇಣಿದಾರ ಫಾರಂ ನಂಬರ್ 7 ತುಂಬಿ ತನ್ನ ಹೆಸರಿಗೆ ಕೇಳಬೇಕಿತ್ತು. ತಾಲೂಕಿಗೊಂದರಂತೆ ಭೂನ್ಯಾಯ ಮಂಡಳಿ ಬಂತು. ಉಪವಿಭಾಗಾಧಿಕಾರಿ ಅಧ್ಯಕ್ಷ, ಸರ್ಕಾರ ನೇಮಿಸಿದ ನಾಲ್ವರು ಸದಸ್ಯರು, ಅವರಲ್ಲಿ ಕನಿಷ್ಠ ಒಬ್ಬರು ಪರಿಶಿಷ್ಟ ಜಾತಿ ಇಲ್ಲವೇ ಪಂಗಡದವರು. ವಕೀಲರಿಗೆ ಅಲ್ಲಿ ಪ್ರವೇಶವಿರಲಿಲ್ಲ. ಧಣಿ ಎಷ್ಟು ದೊಡ್ಡವನಾದರೂ ತಾನೇ ಬಂದು ನಿಲ್ಲಬೇಕು, ಗೇಣಿದಾರನೂ ತಾನೇ ಬಾಯಿಬಿಟ್ಟು ಹೇಳಬೇಕು. ಇದನ್ನು ನೋಡಲು ಗೋಪಾಲಗೌಡರು ಇರಲಿಲ್ಲ, 1972ರಲ್ಲೇ ತೀರಿಕೊಂಡಿದ್ದರು.

● 1979ರಲ್ಲಿ ಇಂದಿರಾ ಅವರು ಅರಸರನ್ನೇ ಪಕ್ಷದಿಂದ ಹೊರಹಾಕಿದರು. ಅರಸರು ತಮ್ಮದೇ ಕಾಂಗ್ರೆಸ್ ಕಟ್ಟಿದರು, 1980ರ ಜನವರಿಯಲ್ಲಿ ಅಧಿಕಾರವೂ ಹೋಯಿತು, ಆರ್. ಗುಂಡೂರಾವ್ ಮುಖ್ಯಮಂತ್ರಿಯಾದರು. ಬೆಂಗಳೂರಿನಲ್ಲಿ ಶಾಸಕರು ಆ ಕಡೆಯಿಂದ ಈ ಕಡೆಗೆ ಸಾಲುಗಟ್ಟಿ ಹೋಗುತ್ತಿದ್ದ ದಿನಗಳಲ್ಲೂ ತಾಲೂಕು ಕಚೇರಿಗಳಲ್ಲಿ ಫಾರಂ ನಂಬರ್ 7ರ ವಿಚಾರಣೆ ನಡೆದೇ ಇತ್ತು.